ಅನ್ನದೊಳಗಿನ ಕೂದಲು

“ನನ್ನ ಕಣ್ಣಿಗೇನೋ ಆಗಿದೆ ಅಂತ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದ್ಯಾ? ನನ್ನ ಹೆಸರು ಬರೆಸೋಕೆ ನೀನ್ಯಾವಳೇ?”

“ಹೆಂಡ್ತಿ,” ಎಂದಳು ರಾಜೀಮತಿ. “ಪಕ್ಕದ ಮನೆಯೋರು ಬರೆಸ್ಬೇಕಿತ್ತಾ?”

ಶಾಂತಿರಾಜ ಹೆಗಲ ಮೇಲಿದ್ದ ಟವಲನ್ನು ಎಳೆದು ಮಂಚದ ಮೇಲೆ ಎಸೆದ. ಮಂಚದ ಮೇಲೇ ಬಿತ್ತು ಅಂದುಕೊಂಡಿದ್ದ. ಅವಳು ಬಗ್ಗಿ ನೆಲದಿಂದ ಎತ್ತಿಕೊಂಡಾಗ ಸಿಟ್ಟು ನೆತ್ತಿಗೇರಿತು. ಯಾರು ಹೇಳಿದ್ದು ಎತ್ತಿಕೋ ಅಂತ, ಬಿದ್ದದ್ದು ಬಿದ್ದಿರಲಿ, ಈ ಮನೆಯಲ್ಲಿ ಒಂದು ಟವಲು ಬೀಳುವ ಹಾಗೂ ಇಲ್ಲವಾ ಎಂದು ಕೂಗಾಡಿದ. ಚನ್ನರಾಯಪಟ್ಟಣದ ವರ್ತಕರ ಸಂಘದವರು ಹಾಸನದ ಒಂದು ಆಸ್ಪತ್ರೆಯವರನ್ನು ಕರೆಸಿ ಊರಿನ ಹೈಸ್ಕೂಲಿನಲ್ಲಿ ಪುಕ್ಕಟೆ ತಪಾಸಣೆ ಇಟ್ಟಿದ್ದರು. ಸಕ್ಕರೆ, ಬಿಪಿ, ಕಣ್ಣು. ಅವನೂ ಸಂಘದ ಸದಸ್ಯನೇ. ಪೆಂಡಾಲಿಗೆ ಚಂದಾ ಕೊಟ್ಟವರಲ್ಲಿ ಅವನೂ ಒಬ್ಬ. ಆದರೆ ಕೊಡುವುದು ಬೇರೆ, ಹೋಗಿ ಸಾಲಿನಲ್ಲಿ ನಿಲ್ಲುವುದು ಬೇರೆ. ಹೋದ ವಾರ ತನ್ನ ಪಾತ್ರೆ ಅಂಗಡಿಯ ಮುಂದೆಯೇ ನಿಲ್ಲಿಸಿದ್ದ ಮೋಟಾರ್ ಬೈಕಿಗೆ ಡಿಕ್ಕಿ ಹೊಡೆದು ಮೊಣಕಾಲು ತರಚಿಕೊಂಡು ಬಂದಿದ್ದ. ಯಾವನೋ ದಾರಿಗೆ ಅಡ್ಡ ನಿಲ್ಲಿಸಿದ್ದ ಎಂದು ಮನೆಯಲ್ಲಿ ಬೈದಿದ್ದ. ಅದಾದ ಮೇಲೆ ಊಟಕ್ಕೆ ಕೂತು ಸಾರಿನ ಬಟ್ಟಲೆಂದು ನೀರಿನ ಲೋಟಕ್ಕೆ ಕೈ ಅದ್ದಿದ್ದ. ಬಲ್ಬಿನಲ್ಲಿ ಬೆಳಕೇ ಇಲ್ಲ, ಏನು ಕರೆಂಟು ಕೊಡ್ತಾರೋ ಮುಂಡೇಮಕ್ಕಳು ಅಂದಿದ್ದ. ರಾಜೀಮತಿ ಬಲ್ಬನ್ನು ಒಂದು ಸಲ ನೋಡಿದಳು, ಅವನನ್ನು ಒಂದು ಸಲ ನೋಡಿದಳು. ಮಾರನೆಯ ದಿನ ಹೋಗಿ ಹೆಸರು ಬರೆಸಿದ್ದಳು.

ಸಕ್ಕರೆ ನೋಡಿಸೋಣ, ಬೆರಳಿಗೆ ಚುಚ್ಚುತ್ತಾರೆ, ಬರುತ್ತಾರೆ, ಅಷ್ಟೇ ತಾನೇ. ಕಣ್ಣಿನ ಸುದ್ದಿ ಮಾತ್ರ ಎತ್ತಬೇಡ ಎಂದ. ಅವಳು ಅದಕ್ಕೆ ಒಪ್ಪಲೂ ಇಲ್ಲ, ಜಗಳವನ್ನು ಮುಂದುವರಿಸಲೂ ಇಲ್ಲ. ಗೋಡೆಗೆ ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತಳು. “ನಂಗೂ ತೋರಿಸ್ಕೋಬೇಕು ರೀ. ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ. ಒಬ್ಬಳೇ ಅಷ್ಟು ದೂರ ಹೋಗೋಕೆ ಭಯ ಆಗುತ್ತೆ.” ಇದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಹಾಲು ಒಡೆದಿದೆ, ಬೇರೆ ತನ್ನಿ ಅನ್ನುವ ಹಾಗೆ ಹೇಳಿದಳು. ಅವನ ಬಾಯಲ್ಲಿದ್ದ ಬೈಗುಳ ಅಲ್ಲೇ ಉಳಿಯಿತು. ಅವಳಿಗೆ ತಲೆ ಸುತ್ತುವುದು ಯಾತಕ್ಕೆ ಎಂದು ಡಾಕ್ಟರು ಹೇಳಬೇಕಾಗಿರಲಿಲ್ಲ. ಆಚೆ ವರ್ಷದ ಮಳೆಗಾಲದಿಂದ ಅವಳು ಉಪ್ಪು ಮುಟ್ಟಿರಲಿಲ್ಲ. ತನ್ನ ಪಾಲಿನ ಸಾರನ್ನು ಉಪ್ಪು ಹಾಕುವ ಮುಂಚೆ ಬೇರೆ ಬಟ್ಟಲಿಗೆ ತೆಗೆದಿಟ್ಟುಕೊಳ್ಳುತ್ತಿದ್ದಳು. ಮೊದಮೊದಲು ಅವಳು ಆ ಬಟ್ಟಲನ್ನು ಹತ್ತಿರ ಎಳೆದುಕೊಳ್ಳುವಾಗ ಅವನು ಮುಖ ಆಚೆ ತಿರುಗಿಸುತ್ತಿದ್ದ. ಈಗ ತಿರುಗಿಸುವ ಕಷ್ಟವೂ ಇರಲಿಲ್ಲ. ಬಟ್ಟಲು ಅವನಿಗೆ ಕಾಣುತ್ತಲೇ ಇರಲಿಲ್ಲ.

ಅವಳು ಉಪ್ಪು ಬಿಟ್ಟ ಆ ದಿನ ಮಾತ್ರ ಎಲ್ಲ ಕಾಣುತ್ತಿತ್ತು ಅಂತ ಅವನು ನಂಬಿದ್ದ, ಅಥವಾ ನಂಬುವುದಕ್ಕೆ ಒದ್ದಾಡಿದ್ದ. ಚಾತುರ್ಮಾಸಕ್ಕೆ ಊರಿನ ಬಸದಿಯಲ್ಲಿ ನಿಂತಿದ್ದ ಮುನಿಗಳು ಹಿಂದಿನ ದಿನ ಉಪವಾಸ ಮಾಡಿ ಆ ದಿನ ಆಹಾರಕ್ಕೆ ಹೊರಟಿದ್ದರು. ಬೀದಿಯಲ್ಲಿ ಮನೆಮನೆಯವರೂ ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುನಿಗಳು ಮನಸ್ಸಿನಲ್ಲಿ ಏನು ಸಂಕಲ್ಪ ಮಾಡಿಕೊಂಡಿದ್ದರೋ, ಉಳಿದವರನ್ನೆಲ್ಲ ದಾಟಿ ಇವರ ಬಾಗಿಲಿಗೆ ಬಂದು ನಿಂತರು. ರಾಜೀಮತಿ ಹಿಡಿದ ಕಲಶದಿಂದ ನೀರು ತುಳುಕಿತು. ಗಂಡ ಹೆಂಡತಿ ಮೂರು ಸುತ್ತು ಬಂದು, ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಅನ್ನ ನೀರು ಶುದ್ಧ ಎಂದು ಹೇಳಿ ಒಳಗೆ ಕರೆದುಕೊಂಡರು. ಕಾಯ ಶುದ್ಧ ಅನ್ನುವಾಗ ಅವನ ನಾಲಿಗೆ ತಡವರಿಸಲಿಲ್ಲ. ಅದನ್ನು ಆಮೇಲೆ ಎಷ್ಟೋ ಸಲ ನೆನೆದ. ಒಂದಿಷ್ಟು ತಡವರಿಸಿದ್ದರೂ ಆಗಿತ್ತು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುವವರು. ಬಡಿಸುವವನು ಪ್ರತಿ ತುತ್ತನ್ನೂ ತನ್ನ ಕೈಯ ತಟ್ಟೆಯಲ್ಲಿ ಬೆರಳಿನಿಂದ ಬಿಡಿಸಿ, ಹುಳುವಿಲ್ಲ ಕೂದಲಿಲ್ಲ ಅಂತ ಕಣ್ಣಾರೆ ನೋಡಿಯೇ ಬೊಗಸೆಗೆ ಹಾಕಬೇಕು. ಏನಾದರೂ ಸಿಕ್ಕಿತೋ, ಅದು ಅಂತರಾಯ. ಅಲ್ಲಿಗೆ ಆವತ್ತಿನ ಊಟ ಮುಗಿಯಿತು, ನೀರೂ ಇಲ್ಲ, ಮಾರನೆಯ ದಿನದವರೆಗೆ. ತಟ್ಟೆ ಹಿಡಿದುಕೊಂಡಾಗ ಅನ್ನ ಅವನಿಗೆ ಅಗುಳು ಅಗುಳಾಗಿ ಕಾಣಲಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಒಂದೇ ಬಿಳುಪು. ಭಾಮೈದ ಪಕ್ಕದಲ್ಲೇ ನಿಂತಿದ್ದ, ಅವನ ಕೈಗೆ ಕೊಡಬಹುದಿತ್ತು. ಆದರೆ ಮನೆ ಯಜಮಾನ ಇರುವಾಗ ಇನ್ನೊಬ್ಬ ಬಡಿಸುವುದೆಂದರೇನು? ನೋಡುವ ಜನ ಏನಂದುಕೊಂಡಾರು? ಬೆರಳಿನಿಂದ ಬಿಡಿಸಿದ ಹಾಗೆ ಮಾಡಿದ. ತಲೆ ಬಗ್ಗಿಸಿ ನೋಡಿದ ಹಾಗೆ ಮಾಡಿದ. ಹಾಕಿದ.

ಮುನಿಗಳ ಬೊಗಸೆ ಬಿಚ್ಚಿತು. ಅನ್ನ ಕೆಳಗಿಟ್ಟಿದ್ದ ಪಾತ್ರೆಗೆ ಬಿತ್ತು. ಅವರು ಸಿಟ್ಟಾಗಲಿಲ್ಲ, ಮುಖ ಸಿಂಡರಿಸಲಿಲ್ಲ, ಕೈ ಬಾಯಿ ತೊಳೆದು ನವಿಲುಗರಿಯ ಪಿಂಛಿ ಎತ್ತಿಕೊಂಡು ಹೊರಟುಬಿಟ್ಟರು. ಭಾಮೈದ ಅನ್ನದಿಂದ ಎಳೆದು ತೆಗೆದ ಕೂದಲು ಮಾರುದ್ದ ಇತ್ತು, ಅರ್ಧ ಕಪ್ಪು, ಅರ್ಧ ಬಿಳುಪು. ಅದು ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಆ ಕ್ಷಣದಲ್ಲಿ ಶಾಂತಿರಾಜನಿಗೆ ಆದದ್ದು ದುಃಖವಲ್ಲ. ನಿರಾಳ. ಕೂದಲು ಅವಳದು! ಆ ನಿರಾಳ ಎಂಥ ಹೊಲಸು ಎಂದು ಅವನಿಗೆ ಆಗಲೇ ಗೊತ್ತಾಯಿತು. ಗೊತ್ತಾದದ್ದರಿಂದಲೇ ದನಿ ಇನ್ನಷ್ಟು ಏರಿತು. ಬೀದಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ನಿಂತಿರುವಾಗ, “ಕಣ್ಣು ಎಲ್ಲಿಟ್ಟಿದ್ಯೇ? ಹಿತ್ಲಲ್ಲಿ ಬಿಟ್ಟು ಬಂದಿದ್ಯಾ?” ಎಂದು ಅರಚಿದ. ರಾಜೀಮತಿ ತಲೆಗೆ ಬಿಗಿದು ಕಟ್ಟಿದ್ದ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಸಂಜೆ ಬಸದಿಗೆ ಹೋಗಿ ಬಂದು, ಇನ್ನೊಬ್ಬ ಮುನಿಗಳು ನಮ್ಮ ಮನೆಯಲ್ಲಿ ಅಂತರಾಯ ಇಲ್ಲದೆ ಆಹಾರ ತೆಗೆದುಕೊಳ್ಳುವವರೆಗೆ ತನಗೆ ಉಪ್ಪು ಬೇಡ ಎಂದಳು. ಅವನು ಹೂಂ ಅಂದ. ಆ ಹೂಂ ಹೇಗೆ ಬಂತು ಬಾಯಿಗೆ? ಅದಾದ ಮೇಲೆ ಈ ಊರಿನ ಮೇಲೆ ಹಾದುಹೋದ ಮುನಿಗಳು ಒಬ್ಬರಾ ಇಬ್ಬರಾ. ಬೆಳಗೊಳದ ಕಡೆ ನಡೆದು ಹೋಗುವವರೆಲ್ಲ ಇಲ್ಲಿ ತಂಗಿ ಹೋಗುವವರೇ. ಪ್ರತಿ ಸಲವೂ ರಾಜೀಮತಿ ಈ ಸಲ ನಿಲ್ಲೋಣ ರೀ ಅನ್ನುವಳು. ಪ್ರತಿ ಸಲವೂ ಅವನಿಗೆ ಅದೇ ದಿನ ಹಾಸನದಲ್ಲಿ ಮಾಲು ಇಳಿಯುತ್ತಿತ್ತು, ಹೊಳೆನರಸೀಪುರದಲ್ಲಿ ಬಾಕಿ ವಸೂಲಿ ಇರುತ್ತಿತ್ತು. ಬರುವ ವಾರ ಹಾಸನದ ಕಡೆಯಿಂದ ಇಬ್ಬರು ಬರುವವರಿದ್ದರು. ಅವಳು ಹೊಸ ಅಕ್ಕಿ ತಂದು ಬಿಸಿಲಿಗೆ ಹರವಿ ಆರಿಸುವುದಕ್ಕೆ ಶುರುಮಾಡಿದ್ದಳು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು.

ತಪಾಸಣೆಗೆ ನಡೆದೇ ಹೋದರು. ಸ್ಕೂಟರನ್ನು ಅವನು ಮುಟ್ಟದೆ ಎಷ್ಟೋ ತಿಂಗಳಾಗಿತ್ತು, ಮಂಡಿ ನೋವು ಎಂದು ನೆಪ ಹೇಳಿದ್ದ. ಬಿಸಿಲು ಏರಿತ್ತು. ಬಸ್ ನಿಲ್ದಾಣದ ಹತ್ತಿರ ಅವಳು ಕಾಂಪೌಂಡು ಹಿಡಿದುಕೊಂಡು ನಿಂತಳು. ಅವನಿಗೆ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ತಿಳಿಯಿತು, ಪಕ್ಕದಲ್ಲಿ ಬಳೆಯ ಸದ್ದು ಇಲ್ಲ ಅಂತ. ತಿರುಗಿ ಬಂದು ಏನಾಯ್ತೇ ಎಂದ. ಏನಿಲ್ಲ, ನಡೀರಿ ಎಂದಳು. ಆಗ ಹೇಳಿಬಿಡಬೇಕು ಅನ್ನಿಸಿತು. ಉಪ್ಪು ತಿನ್ನೇ, ತಪ್ಪು ನಿಂದಲ್ಲ, ಇಷ್ಟೇ ಮಾತು. ಎಷ್ಟು ಸಣ್ಣ ಮಾತು. ಪಕ್ಕದಲ್ಲಿ ಅರಕಲಗೂಡು ಬಸ್ಸಿನವನು ಹೊಳೆನರಸೀಪುರ ಹೊಳೆನರಸೀಪುರ ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಈ ಗದ್ದಲದಲ್ಲಿ ಇಂಥ ಮಾತು ಆಡುವುದು ಹೇಗೆ? ಮನೆಗೆ ಹೋದ ಮೇಲೆ ಆಡಿದರಾಯಿತು ಎಂದುಕೊಂಡ. ಮನೆಯಲ್ಲಿದ್ದಾಗಲೆಲ್ಲ, ಇಂಥ ಮಾತು ಮನೆಯ ಗೋಡೆಗಳ ನಡುವೆ ಆಡುವುದಲ್ಲ, ಹೊರಗೆಲ್ಲಾದರೂ ಹೋದಾಗ ಆಡಿದರಾಯಿತು ಎಂದುಕೊಂಡಿದ್ದವನೂ ಅವನೇ.

ಹೈಸ್ಕೂಲಿನ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ದಂಡಿಗನಹಳ್ಳಿ ಕಡೆಯ ಜನ ಟೆಂಪೋದಲ್ಲಿ ಬಂದು ಇಳಿದಿದ್ದರು. ಬಿಪಿ ಸಾಲಿನಲ್ಲಿ ರಾಜೀಮತಿಯ ಮುಂದೆ ಬಸವಲಿಂಗಮ್ಮ ಅನ್ನುವ ಮುದುಕಿ ನಿಂತಿದ್ದಳು. ಸೊಸೆ ಉಪ್ಪು ಖಾರ ಇಲ್ಲದ ಸಾರು ಮಾಡಿ ಸಾಯಿಸ್ತಾಳೆ ಅಂತ ಆಕೆಯ ಗೋಳು. ನರ್ಸು ಪಟ್ಟಿ ಸುತ್ತಿ ನೋಡಿ, ನಿಮ್ಮ ಸೊಸೆ ಸರಿಯಾಗೇ ಮಾಡ್ತಿದ್ದಾರೆ ಅಜ್ಜಿ, ಉಪ್ಪು ಇನ್ನೂ ಕಮ್ಮಿ ಮಾಡಿ ಎಂದಳು. “ಇನ್ನೇನವ್ವ ಕಮ್ಮಿ ಮಾಡದು? ಮಣ್ ತಿನ್ಲಾ?” ಎಂದಳು ಬಸವಲಿಂಗಮ್ಮ, ಸಾಲಿನವರೆಲ್ಲ ನಕ್ಕರು. ರಾಜೀಮತಿಯ ತೋಳಿಗೆ ಪಟ್ಟಿ ಸುತ್ತಿದ ನರ್ಸು ಒಂದು ಸಲ ನೋಡಿದಳು, ಗಾಳಿ ಬಿಟ್ಟು ಇನ್ನೊಂದು ಸಲ ನೋಡಿದಳು. ತೀರಾ ಕಮ್ಮಿ ಇದೆಯಲ್ಲಮ್ಮ, ಬೆಳಗಿನಿಂದ ಎಲ್ಲರಿಗೂ ಉಪ್ಪು ಬಿಡಿ ಅಂತ ಹೇಳಿ ಹೇಳಿ ಸಾಕಾಗಿದೆ, ನಿಮಗೊಬ್ಬರಿಗೆ ತಿನ್ನಿ ಅನ್ನಬೇಕಾಗಿದೆ ಎಂದು, ಬಂದವರಿಗೆಲ್ಲ ಕೊಡಲು ಸಂಘದವರು ಡ್ರಮ್ಮಿನಲ್ಲಿ ತುಂಬಿಸಿಟ್ಟಿದ್ದ ಮಜ್ಜಿಗೆಯನ್ನು ತಾನೇ ಒಂದು ಲೋಟಕ್ಕೆ ಬಗ್ಗಿಸಿ, ಇನ್ನೆರಡು ಚಿಟಿಕೆ ಉಪ್ಪು ಹಾಕಿ ಕದಡಿ, ನನ್ನ ಕಣ್ಣೆದುರಿಗೇ ಕುಡೀರಿ ಎಂದಳು. ರಾಜೀಮತಿ ಲೋಟ ಹಿಡಿದುಕೊಂಡಳು. ಮಜ್ಜಿಗೆಯ ಹುಳಿವಾಸನೆ ಶಾಂತಿರಾಜನ ಮೂಗಿಗೂ ಬಡಿಯಿತು. ನಂಗೆ ನಿಯಮ ಇದೆಯಮ್ಮ ಎಂದಳು ಅವಳು, ತಪ್ಪು ಮಾಡಿದವಳ ಹಾಗೆ. ಏನು ನಿಯಮ ಎಂದು ನರ್ಸು ಕೇಳಲಿಲ್ಲ, ಸಾಲಿನಲ್ಲಿ ಹಿಂದೆ ನೂರು ಜನ ಇದ್ದರು. ಲೋಟ ಬಸವಲಿಂಗಮ್ಮನ ಕೈಗೆ ಹೋಯಿತು. ಆಕೆ ನರ್ಸಿನ ಕಡೆ ಬೆನ್ನು ತಿರುಗಿಸಿ ಕುಡಿದಳು. ಶಾಂತಿರಾಜ ಕಾಲಿನ ಕೆಳಗಿನ ಮರಳನ್ನು ಚಪ್ಪಲಿಯಿಂದ ಕೆರೆಯುತ್ತ ನಿಂತಿದ್ದ. ಕುಡಿಯೇ ಅನ್ನಬೇಕಿತ್ತು. ಅನ್ನಲಿಲ್ಲ. ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು.

ಅವನ ಬೆರಳಿಗೆ ಚುಚ್ಚಿದ ಹುಡುಗಿ ಯಂತ್ರ ನೋಡಿ, ಊಟ ಮಾಡಿ ಎಷ್ಟು ಹೊತ್ತಾಯಿತು ಎಂದಳು. ಊಟ ಮಾಡದೆ ಬಂದಿದ್ದೀನಿ, ಜಗಳ ಮಾಡಿಕೊಂಡು ಬಂದಿದ್ದೀನಿ ಎಂದ. ಅವಳು ನಗಲಿಲ್ಲ. ಯಂತ್ರದ ಅಂಕಿಯನ್ನು ಚೀಟಿಯಲ್ಲಿ ಬರೆದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಇಷ್ಟಿದ್ದರೆ ಕಣ್ಣು ತೋರಿಸದೆ ಕಳಿಸುವುದಿಲ್ಲ, ಆ ಕೋಣೆಗೆ ಹೋಗಿ ಎಂದಳು. ಅವನು ಹಿಂದೆ ನೋಡಿದ. ರಾಜೀಮತಿಯ ಹಸಿರು ಸೀರೆ ಜನರ ಮಧ್ಯೆ ಎಲ್ಲೋ ಕಲಸಿಹೋಗಿತ್ತು. ಅವಳಿಗೆ ರಕ್ತ ಪರೀಕ್ಷೆ ಬೇರೆ ಆಗಬೇಕಂತೆ, ದೊಡ್ಡ ಸಾಲು ಅದು. ಆಗಲಿ, ಅವಳು ಅಲ್ಲಿರುವಷ್ಟರಲ್ಲಿ ಇದನ್ನು ಮುಗಿಸಿಬಿಡೋಣ ಎಂದುಕೊಂಡ. ಹೀಗೆ ಅಂದುಕೊಂಡದ್ದರಲ್ಲಿ ಒಂದು ಧೈರ್ಯವೂ ಇತ್ತು. ಅವಳಿಲ್ಲದಿದ್ದರೆ ಅವನಿಗೆ ಯಾವ ಡಾಕ್ಟರ ಹೆದರಿಕೆಯೂ ಇಲ್ಲ.

ಗೋಡೆಗೆ ಅಕ್ಷರಗಳ ಹಲಗೆ ನೇತುಹಾಕಿದ್ದರು. ಮುಂದಿದ್ದವನು ಗಟ್ಟಿಯಾಗಿ ಓದಿದ್ದನ್ನು ಶಾಂತಿರಾಜ ಕೇಳಿಸಿಕೊಂಡಿದ್ದ, ಕೇಳಿದ್ದನ್ನೇ ಒಪ್ಪಿಸತೊಡಗಿದ. ಪರೀಕ್ಷೆ ಮಾಡುತ್ತಿದ್ದವನು, ಸಾರ್, ನಾನು ಹಲಗೆ ಬದಲಾಯಿಸಿ ಆಗಲೇ ಹೊತ್ತಾಯಿತು ಎಂದ. ಹಿಂದೆ ಕೂತವರು ಯಾರೋ ಕಿಸಕ್ಕೆಂದರು. ಪರೀಕ್ಷೆಯವನು ಎದ್ದು ಬಂದು ಮುಖದ ಮುಂದೆ ಕೈ ಹಿಡಿದು, ಇದು ಎಷ್ಟು ಬೆರಳು ಎಂದು ಕೇಳಿದ, ಒಂದನೇ ಕ್ಲಾಸಿನ ಹುಡುಗನನ್ನು ಕೇಳುವ ಹಾಗೆ. ಶಾಂತಿರಾಜನಿಗೆ ಮೈಯೆಲ್ಲ ಉರಿದು, ಅವನ ಬೆರಳುಗಳನ್ನು ಹಿಡಿದು ಎಣಿಸಿ ಕೊಡಲೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕಣ್ಣಿಗೆ ಔಷಧಿಯ ಹನಿ ಹಾಕಿಸಿಕೊಂಡು, ರೆಪ್ಪೆ ಮುಚ್ಚಿಕೊಂಡು, ಗೋಡೆಯ ಬದಿಯ ಬೆಂಚಿನ ಮೇಲೆ ಉಳಿದವರ ಜೊತೆ ಕೂತ. ಪಾಪೆ ಅಗಲ ಆಗಬೇಕು, ಅಲ್ಲಿವರೆಗೂ ತೆರೆಯಬೇಡಿ ಎಂದರು. ಕಣ್ಣು ಮುಚ್ಚಿ ಕೂತ ಈ ಜನರ ಸಾಲಿನಲ್ಲಿ ಅವನಿಗೆ ಎಷ್ಟೋ ದಿನಗಳ ಮೇಲೆ ಹಾಯೆನಿಸಿತು. ಇಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಯಾರೂ ಕಾಣುವ ಹಾಗೆ ನಟಿಸಬೇಕಾಗಿಲ್ಲ. ಅಂಗಡಿಯಲ್ಲಿ ಎಷ್ಟು ನಟಿಸಿದ್ದ. ಬಿಂದಿಗೆಯನ್ನು ಬೆರಳಿನಿಂದ ತಟ್ಟಿ ಸದ್ದಿನಲ್ಲೇ ದಪ್ಪ ಹೇಳುತ್ತಿದ್ದ, ಗಿರಾಕಿಗಳು ಅದನ್ನು ಜಾಣತನ ಅಂದುಕೊಳ್ಳುತ್ತಿದ್ದರು. ಆದರೆ ಪಾತ್ರೆಯ ಮೇಲೆ ಹೆಸರು ಕೊರೆಯುವುದರಲ್ಲಿ ನಟನೆ ನಡೆಯಲಿಲ್ಲ. ಮೂವತ್ತು ವರ್ಷ ತನ್ನ ಕೈಯಾರೆ ಕೊರೆದವನು, ಈ ಊರಿನ ಎಷ್ಟೋ ಮದುವೆಯ ತಟ್ಟೆ ಚೊಂಬುಗಳ ಮೇಲೆ ಅವನ ಕೈಬರಹವಿತ್ತು. ಹೋದ ವರ್ಷ ಸಾಲಗಾಮೆಯ ಮದುವೆ ಮನೆಯವರ ಪರಾತದ ಮೇಲೆ ಎರಡನೆಯ ಸಾಲು ಮೊದಲನೆಯ ಸಾಲಿನ ಮೇಲೆಯೇ ಹತ್ತಿ ಕೂತಿತ್ತು. ಅವರು ತಿರುಗಿಸಿ ಕೊಟ್ಟಾಗ, ಕೊರೆದದ್ದು ಕೆಲಸದ ಗಂಗಯ್ಯ ಎಂದುಬಿಟ್ಟ. ಗಂಗಯ್ಯ ಅಲ್ಲೇ ಸ್ಟೂಲಿನ ಮೇಲೆ ನಿಂತು ಕುಕ್ಕರು ಜೋಡಿಸುತ್ತಿದ್ದ. ಇಳಿದು ಬಂದು, ನಂದೇ ತಪ್ಪು ಸಾ ಎಂದ. ಆವತ್ತಿನಿಂದ ಹೆಸರು ಕೊರೆಯುವ ಯಂತ್ರ ಗಂಗಯ್ಯನ ಕೈಗೇ ಹೋಯಿತು. ಅವನ ಜೊತೆ ಶಾಂತಿರಾಜ ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟ. ತಪ್ಪು ಹೊತ್ತುಕೊಳ್ಳುವುದಕ್ಕೆ ಯಾರಾದರೂ ಒಬ್ಬರು ಯಾವಾಗಲೂ ಹತ್ತಿರದಲ್ಲೇ ಇರುತ್ತಾರಲ್ಲ ಎಂದುಕೊಂಡ. ಅದು ಸಮಾಧಾನವೋ ಹೇಸಿಗೆಯೋ ತಿಳಿಯಲಿಲ್ಲ.

ಯಾರೋ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದರು. ಕಣ್ಣು ತೆರೆದಾಗ ಕೋಣೆ ಬರಿಯ ಬೆಳಕಾಗಿತ್ತು. ಕಿಟಕಿ, ಮೇಜು, ಬಿಳಿ ಕೋಟು ಎಲ್ಲ ಒಂದರೊಳಗೊಂದು ಕರಗಿ ನೀರಾಗಿದ್ದವು. ಡಾಕ್ಟರು ಹೆಣ್ಣುಮಗಳು, ದನಿ ಕೇಳಿದರೆ ಚಿಕ್ಕ ವಯಸ್ಸು. ಶ್ರೀಗೌರಿ ಮೇಡಂ ಎಂದು ಯಾರೋ ಕರೆದರು. ಗದ್ದ ಎತ್ತಿ ಇಲ್ಲಿಡಿ, ಮೇಲೆ ನೋಡಿ, ಕೆಳಗೆ ನೋಡಿ, ನನ್ನ ಕಿವಿ ನೋಡಿ ಎನ್ನುತ್ತ ಆಕೆ ಕಣ್ಣಿನ ಆಳಕ್ಕೆ ಬೆಳಕು ಬಿಟ್ಟಳು. ಆ ಬೆಳಕು ತಲೆಯ ಒಳಗೆಲ್ಲ ತಡಕಾಡುತ್ತಿದೆ, ಬಚ್ಚಿಟ್ಟದ್ದನ್ನೆಲ್ಲ ಒಂದೊಂದಾಗಿ ಎತ್ತಿ ನೋಡುತ್ತಿದೆ ಅನಿಸಿತು ಅವನಿಗೆ. ಪೊರೆ ಇದೆ, ಅದನ್ನು ತೆಗೆಯಬಹುದು, ದೊಡ್ಡ ವಿಷಯವಲ್ಲ ಎಂದಳು. ಆದರೆ ಕಣ್ಣಿನ ಹಿಂದಿನ ಪರದೆಯಲ್ಲಿ ಸಕ್ಕರೆ ತೊಂದರೆ ಮಾಡಿದೆ, ಅಲ್ಲಲ್ಲಿ ರಕ್ತ ಜಿನುಗಿದೆ. ಯಾವಾಗಿನಿಂದ ಕಾಣುವುದು ಕಮ್ಮಿಯಾಯಿತು ಎಂದು ಕೇಳಿದಳು. ಈ ಪ್ರಶ್ನೆಗೆ ಅವನು ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದ. ಮೊನ್ನೆ ಮೊನ್ನೆಯಿಂದ ಎಂದ. ಎರಡು ತಿಂಗಳು ಇರಬಹುದು.

“ಇದು ಎರಡು ತಿಂಗಳಿಂದು ಅಲ್ಲ,” ಎಂದಳು ಡಾಕ್ಟರು. ದನಿಯಲ್ಲಿ ಗದರಿಕೆ ಇರಲಿಲ್ಲ. “ನನ್ನ ಹತ್ರ ಮುಚ್ಚಿಟ್ರೆ ನನಗೇನೂ ನಷ್ಟ ಇಲ್ಲ ಸರ್. ಎಷ್ಟು ಉಳಿಸ್ಕೋಬಹುದು ಅಂತ ಗೊತ್ತಾಗ್ಬೇಕು, ಅದಕ್ಕೆ ಕೇಳ್ತಿದ್ದೀನಿ. ಮೊಟ್ಟಮೊದಲು ನಿಮಗೆ ಕಾಣದೆ ಹೋಗಿದ್ದು ಏನು, ನೆನಪಿದೆಯಾ?”

ಇಂಥ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಯಾವಾಗ ಎಂದು ಕೇಳಿದರೆ ಸುಳ್ಳು ಹೇಳಬಹುದು. ಏನು ಎಂದು ಕೇಳಿದರೆ ಹೇಗೆ? ಎದುರಿಗೆ ಮುಖವಿಲ್ಲ, ಬರಿಯ ಒಂದು ದನಿ. ಈ ಊರಿನವಳಲ್ಲ, ಸಂಜೆ ವ್ಯಾನು ಹತ್ತಿ ಹಾಸನಕ್ಕೆ ಹೊರಟುಹೋಗುವವಳು. ಪ್ರಪಂಚದಲ್ಲಿ ಯಾರಿಗಾದರೂ ಹೇಳುವುದಿದ್ದರೆ ಇವಳಿಗೇ ಅನಿಸಿತು. ಔಷಧಿಯಿಂದಲೋ ಏನೋ ಕಣ್ಣಿಂದ ನೀರು ಇಳಿಯಿತು.

“ಅನ್ನದಲ್ಲಿ ಕೂದಲು,” ಎಂದ. “ಆಚೆ ವರ್ಷ ಮಳೆಗಾಲದಲ್ಲಿ. ಅನ್ನದಲ್ಲಿ ಕೂದಲಿದ್ರೂ ಕಾಣ್ತಿರ್ಲಿಲ್ಲ ತಾಯಿ ನಂಗೆ. ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.”

ಸರಿ, ಈಗಲಾದರೂ ಹೇಳಿದಿರಲ್ಲ ಎಂದಳು ಡಾಕ್ಟರು. ಏನೋ ಬರೆದುಕೊಂಡಳು. ಪೆನ್ನಿನ ಸದ್ದು ಕೇಳಿಸುತ್ತಿತ್ತು. ಶಾಂತಿರಾಜನಿಗೆ ಹಸಿವಾಯಿತು. ಅದನ್ನು ನೆನೆದು ಅವನಿಗೇ ಆಶ್ಚರ್ಯವಾಯಿತು. ಮನೆಗೆ ಹೋಗಿ ಬಿಸಿ ಅನ್ನಕ್ಕೆ ಸಾರು ಹಾಕಿಸಿಕೊಂಡು ಉಣ್ಣಬೇಕು, ಉಂಡಾದ ಮೇಲೆ ಅವಳಿಗೆ ಹೇಳಬೇಕು, ಇಷ್ಟು ಹೇಳಿದವನಿಗೆ ಅಷ್ಟು ಹೇಳುವುದೇನು ಕಷ್ಟ ಎಂದೆಲ್ಲ ಮನಸ್ಸು ಹರಿಯುತ್ತಿರುವಾಗ, ಡಾಕ್ಟರು ಅವನ ತಲೆಯ ಮೇಲಿನಿಂದ ಯಾರಿಗೋ, “ಅಮ್ಮಾ, ನೀವು ಇವರ ಮನೆಯವರಲ್ವಾ? ಹಾಸನಕ್ಕೆ ಈ ತಿಂಗಳೊಳಗೇ ಕರ್ಕೊಂಡು ಬನ್ನಿ. ಮುಂದಕ್ಕೆ ಹಾಕ್ಬೇಡಿ,” ಎಂದಳು.

ಅವನ ಕುರ್ಚಿಯ ಬೆನ್ನಿನ ಹತ್ತಿರ ಬಳೆಯ ಸದ್ದಾಯಿತು. ಚೀಟಿಯನ್ನು ತೆಗೆದುಕೊಳ್ಳಲು ಒಂದು ಕೈ ಅವನ ಹೆಗಲ ಮೇಲಿನಿಂದ ಚಾಚಿ ಬಂತು. ಹಸಿರು ಮಬ್ಬು, ಅದರೊಳಗೆ ಕೈ. ಯಾವಾಗ ಬಂದಿದ್ದಳು? ತನ್ನನ್ನು ಕೈ ಹಿಡಿದು ತಂದು ಕೂರಿಸಿದವಳೇ ಅವಳಾ? ಆ ಕೈಯನ್ನು ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಇಪ್ಪತ್ತೆಂಟು ವರ್ಷ ಹಿಡಿದ ಕೈ ಗುರುತು ಸಿಗದಿದ್ದರೆ ಅದು ಕಣ್ಣಿನ ತಪ್ಪು ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಅವಳು ಆಯ್ತಮ್ಮ ಎಂದಳು ಡಾಕ್ಟರಿಗೆ. ಅವನ ಮೊಣಕೈ ಹಿಡಿದು ಎಬ್ಬಿಸಿದಳು. ಹೊಸ್ತಿಲಿದೆ ಎಂದಳು. ಎರಡು ಮೆಟ್ಟಿಲಿವೆ ಎಂದಳು. ಹಿಡಿತ ಬಿಗಿಯೂ ಇಲ್ಲ, ಸಡಿಲವೂ ಇಲ್ಲ, ದಾರಿಯಲ್ಲಿ ಯಾರನ್ನಾದರೂ ದಾಟಿಸುವವರು ಹಿಡಿದುಕೊಳ್ಳುವಂತೆ. ಬೈಯಲಿ ಎಂದು ಅವನು ಕಾದ. ಅವಳು ಬೈದರೆ ತಾನೂ ಬೈಯಬಹುದು, ತನಗೆ ಗೊತ್ತಿದ್ದ ದಾರಿ ಅದೊಂದೇ. ಪೆಂಡಾಲಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವನನ್ನು ಕೂರಿಸಿ ಚೀಟಿಯನ್ನು ಮಡಚಿ ಅವನ ಶರಟಿನ ಜೇಬಿಗೆ ಇಟ್ಟಳು. ನೀರಿನ ಬಾಟಲಿಯನ್ನು ಕೈಗೆ ಕೊಟ್ಟು ಅವನ ಬೆರಳುಗಳನ್ನು ಅದರ ಸುತ್ತ ಮಡಚಿದಳು. ಅವಳು ಎದುರಿಗೆ ನಿಂತಿದ್ದಾಳೆ ಎಂದು ಗೊತ್ತಾಗುತ್ತಿತ್ತು, ಬೆಳಕು ಅಷ್ಟಗಲ ಮರೆಯಾಗಿತ್ತು.

“ಆವತ್ತು ನನ್ನ ಕಣ್ಣು ಎಲ್ಲಿ ಅಂತ ಕೇಳಿದ್ರಿ,” ಎಂದಳು.

ಅವನು ರಾಜೀ ಎಂದ.

“ಹನಿ ಇಳಿಯೋವರೆಗೂ ಎದ್ದು ಓಡಾಡ್ಬೇಡಿ ಅಂದಿದ್ದಾರೆ. ಬಿದ್ದುಬಿಟ್ಟೀರಿ.” ಮರೆ ಸರಿಯಿತು, ಬೆಳಕು ಮತ್ತೆ ಮುಖಕ್ಕೆ ಬಿತ್ತು. ಬಳೆಯ ಸದ್ದು ಸ್ವಲ್ಪ ದೂರದವರೆಗೆ ಕೇಳಿಸಿತು. ಆಮೇಲೆ ಮೈಕಿನಲ್ಲಿ ಯಾರೋ ಹೆಸರು ಕರೆಯತೊಡಗಿದರು.

ರಕ್ತದ ಚೀಟಿ ತರಲು ಹೋಗಿರಬೇಕು ಎಂದುಕೊಂಡ. ಕಣ್ಣು ಬಿಟ್ಟರೆ ಚುಚ್ಚುತ್ತಿತ್ತು, ಮುಚ್ಚಿದರೆ ಒಳಗೆ ಅದೇ ಬಿಳಿ ಅನ್ನ. ಬಂದ ಕೂಡಲೇ ಏನೆನ್ನಬೇಕು ಎಂದು ಮಾತು ಜೋಡಿಸಿದ. ಬರುವ ವಾರ ಮುನಿಗಳು ಬರುತ್ತಾರಲ್ಲ, ನೀನೇ ನೋಡಿ ಬಡಿಸು, ನಾನು ಹಿಂದೆ ನೀರು ಹಿಡಿದು ನಿಂತಿರ್ತೀನಿ. ಬೀದಿಯವರೆಲ್ಲ ಇದ್ದಾಗ ಹೇಳ್ತೀನಿ, ತಪ್ಪು ನಂದು ಅಂತ. ಹೀಗೆ ಹೇಳುವಾಗ ತನ್ನ ದನಿ ಹೇಗಿರಬೇಕು, ಕೇಳುವಾಗ ಅವಳ ಮುಖ ಹೇಗಾಗಬಹುದು ಎಂದು ಯೋಚಿಸಿದ. ಮುಖ ಸರಿಯಾಗಿ ಮೂಡಲಿಲ್ಲ. ಉಪ್ಪು ಬಿಟ್ಟ ಮೇಲಿನ ಅವಳ ಮುಖವನ್ನು ಅವನು ನೆಟ್ಟಗೆ ನೋಡಿಯೇ ಇರಲಿಲ್ಲ. ನೋಡಬಹುದಾಗಿದ್ದಾಗ ಆಚೆ ತಿರುಗಿಸಿದ, ತಿರುಗಿಸದಿದ್ದಾಗ ಕಾಣಲಿಲ್ಲ. ಪಕ್ಕದ ಕುರ್ಚಿ ಕಿರ್ರೆಂದಿತು. ರಾಜೀ ಎಂದು ಕೈ ಚಾಚಿದ. ಒರಟು ಕೈಯೊಂದು ಸಿಕ್ಕಿತು.

“ನಾನ್ ಕಣ್ಸಾ, ಬಸವಲಿಂಗಿ,” ಎಂದಳು ಮುದುಕಿ. ತನಗೂ ಹನಿ ಹಾಕುತ್ತಾರಂತೆ, ಅದಕ್ಕೆ ಮುಂಚೆ ನೋಡುವುದನ್ನೆಲ್ಲ ನೋಡಿಕೊಳ್ಳೋಣ ಅಂತ ಪೆಂಡಾಲಲ್ಲಿ ಒಂದು ಸುತ್ತು ಹಾಕಿ ಬಂದೆ ಎಂದು ನಕ್ಕಳು. ಅವನು ಕೇಳಿದ, ನಮ್ಮ ಮನೆಯವರು ಎಲ್ಲಾದರೂ ಕಂಡರಾ ಅಂತ.

“ಕಂಡ್ರು ಕಣ್ಸಾ. ಆಗ್ಲೆ ಬ್ಯಾಡ ಅಂದು ನಂಗ್ ಕೊಟ್ಟಿದ್ರಲ್ಲ ಮಜ್ಜಿಗೆ, ಈಗ ಅವ್ರೇ ಡ್ರಮ್ ತಾವ್ಕೆ ಓಗಿ ಇಸ್ಕಂಡ್ರು. ಉಪ್ಪ ಇನ್ನೂ ಆಕವ್ವ ಅಂತ ಕೇಳಿ ಆಕುಸ್ಕಂಡ್ರು. ನಿಂತ್ಕಂಡೇ ಕುಡುದ್ರು, ಒಂದಲ್ಲ, ಎಲ್ಡು ಲೋಟ. ಪಾಪ, ಏಸ್ ದಿನದ ದಾಹವೋ ಅನ್ನಂಗೆ. ಆಮ್ಯಾಕೆ ಬಾಯ್ ಒರುಸ್ಕಂಡು ಗೇಟ್ ದಾಟ್ಕಂಡು ಓದ್ರು.”

ಯಾವ ಕಡೆಗೆ ಎಂದು ಅವನು ಕೇಳಲಿಲ್ಲ. ಬಸವಲಿಂಗಮ್ಮನ ಹೆಸರು ಕೂಗಿದರು, ಆಕೆ ಎದ್ದು ಹೋದಳು. ಶಾಂತಿರಾಜ ಬಾಟಲಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಗೇಟಿನ ಕಡೆಗೆ ಮುಖ ಮಾಡಿ ಕೂತ. ನೆರಳು ಸರಿದು ಬಿಸಿಲು ಕಾಲಿನ ಮೇಲೆ ಬಂತು. 'ಚೇರು ಎತ್ತಬೇಕು ಸಾ' ಎಂದು ಯಾರೋ ಬಂದು ಕೇಳಿ ಹೋದರು. ಹನಿಯ ಮಬ್ಬು ಇಳಿಯುತ್ತ ಬಂದ ಹಾಗೆ ಮೊದಲು ಗೇಟಿನ ಕಂಬಿಗಳು ಮೂಡಿದವು, ಆಮೇಲೆ ರಸ್ತೆ, ರಸ್ತೆಯ ಮೇಲೆ ಬರುವ ಹೋಗುವ ಸೀರೆಗಳು. ದೂರದಲ್ಲಿ ಪ್ರತಿಯೊಂದೂ ಹಸಿರಾಗಿತ್ತು. ಹತ್ತಿರ ಬಂದ ಮೇಲೆ ಪ್ರತಿಯೊಂದೂ ಬೇರೆ ಯಾರದೋ ಆಗುತ್ತಿತ್ತು.